ಓದುಗರ ಸ್ಪಂದನ: ಹ್ಯಾಂಗರೋ, ಎಂಜಿನಿಯರಿಂಗ್ ಕಾಲೇಜೋ?

(ವಿಮಾನ ದುರಸ್ತಿಯ ಕೆಲಸ ಕಲಿಯಲು ಅಪ್ರೆಂಟಿಸ್ ಆಗಿ ಸೇರಬೇಕೆಂಬುದು ತನ್ನ ಆಸೆ, ಬಿ.ಇ. ಮಾಡಲೇಬೇಕೆಂಬುದು ಅಪ್ಪನ ಹಟ ಎಂದು ಪೊನ್ನಂಪೇಟೆಯ ದ್ವಿತೀಯ ಪಿಯುಸಿ ವಿದ್ಯಾರ್ಥಿಯೊಬ್ಬರು ಕಳೆದ ಸಂಚಿಕೆಯಲ್ಲಿ ಬರೆದಿದ್ದರು. ಬಂದ ಉತ್ತರಗಳಲ್ಲಿ ಮೂರು ಇಲ್ಲಿವೆ.)

ತಮ್ಮಾ, ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ದಾರಿಗಳು ಒಂದೇ ಹೆಸರಿನಲ್ಲಿ ಬೆರೆತುಹೋಗಿವೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಬೆಂಗಳೂರಿನ ಎಚ್.ಎ.ಎಲ್.ನಂಥ ಕಾರ್ಖಾನೆಗಳು ತೆಗೆದುಕೊಳ್ಳುವುದು ಸಾಮಾನ್ಯವಾಗಿ ಐ.ಟಿ.ಐ., ಡಿಪ್ಲೊಮಾ ಅಥವಾ ಪದವಿ ಮುಗಿಸಿದವರನ್ನು. ಅಲ್ಲಿ ಸ್ಟೈಪೆಂಡ್ ಸಿಗುತ್ತದೆ, ಪ್ರಮಾಣಪತ್ರ ಸಿಗುತ್ತದೆ, ಆದರೆ ಅವಧಿ ಮುಗಿದ ಮೇಲೆ ಅಲ್ಲಿಯೇ ನೌಕರಿ ಸಿಗುತ್ತದೆಂಬ ಭರವಸೆ ಇಲ್ಲ. ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಎರಡನೆಯ ದಾರಿ: ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಡಿ.ಜಿ.ಸಿ.ಎ. (ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ) ಮಾನ್ಯತೆಯ ಸಂಸ್ಥೆಯಲ್ಲಿ ತರಬೇತಿ ಪಡೆದು, ಪ್ರತಿ ಮಾಡ್ಯೂಲಿನಲ್ಲಿಯೂ ಕನಿಷ್ಠ ಶೇ 75 ಅಂಕ ಗಳಿಸಿ, ವಿಮಾನಗಳನ್ನು ನಿಲ್ಲಿಸಿ ದುರಸ್ತಿ ಮಾಡುವ ಹ್ಯಾಂಗರಿನಲ್ಲಿ ಅನುಭವ ಪೂರೈಸಿ ಪಡೆಯುವ ವಿಮಾನ ನಿರ್ವಹಣಾ ಲೈಸೆನ್ಸ್. ಎಂಜಿನ್ ಮತ್ತು ಒಡಲಿನ ಕೆಲಸಕ್ಕೆ ಬಿ1 ವರ್ಗದ ಲೈಸೆನ್ಸ್, ವಿದ್ಯುನ್ಮಾನಕ್ಕೆ ಬಿ2. ದುರಸ್ತಿಯಾದ ನಾಗರಿಕ ವಿಮಾನ ಹಾರಲು ಯೋಗ್ಯವೆಂದು ಸಹಿ ಹಾಕುವ ಅಧಿಕಾರ ಬರುವುದು ಈ ಲೈಸೆನ್ಸಿನಿಂದ, ಅದರ ಮೇಲೆ ಆಯಾ ಮಾದರಿಯ ವಿಮಾನಕ್ಕೆ ಪಡೆದ ಅರ್ಹತೆಯಿಂದ, ಬಿ.ಇ. ಪದವಿಯೊಂದರಿಂದಲೇ ಅದು ಬರುವುದಿಲ್ಲ. ಪದವಿ ನಿಮ್ಮನ್ನು ವಿನ್ಯಾಸ, ಲೆಕ್ಕಾಚಾರ, ಸಂಶೋಧನೆಯ ಕಡೆಗೆ ಒಯ್ಯುತ್ತದೆ. ಆದ್ದರಿಂದ ಅಪ್ಪನೊಡನೆ ಮಾತನಾಡುವಾಗ ಯಾವುದು ದೊಡ್ಡದು ಎಂಬ ಚರ್ಚೆಗೆ ಇಳಿಯಬೇಡಿ, ಎರಡೂ ಬೇರೆ ಬೇರೆ ಕೆಲಸಗಳೆಂದು ತಿಳಿಸಿ.

ಆ ಸಹಿಯ ಭಾರವನ್ನೂ ಅರಿತಿರಿ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು ಆಕಾಶದಲ್ಲಿ ಕಿತ್ತುಹೋಗಿ, ಕ್ಯಾಪ್ಟನ್‌ರ ಅರ್ಧ ದೇಹ ಹೊರಕ್ಕೆ ಸೆಳೆದುಕೊಂಡು ಹೋಗಿತ್ತು. ಅವರು ಉಳಿದದ್ದು ಸಿಬ್ಬಂದಿ ಕಾಲು ಬಿಡದೆ ಹಿಡಿದಿದ್ದರಿಂದ. ಅದಕ್ಕೆ ಮುಂಚಿನ ಒಂದು ರಾತ್ರಿ ಪಾಳಿಯಲ್ಲಿ ಆ ಗಾಜಿಗೆ ಹಾಕಿದ 90 ಬೋಲ್ಟ್‌ಗಳಲ್ಲಿ 84 ಇರಬೇಕಾದ ಅಳತೆಗಿಂತ ಕೂದಲೆಳೆಯಷ್ಟು ಸಪೂರವಾಗಿದ್ದವು; ಕೈಪಿಡಿ ನೋಡುವ ಬದಲು ಹಳೆಯ ಬೋಲ್ಟಿನ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಆರಿಸಿದ್ದರು. ರಾತ್ರಿ ಮೂರು ಗಂಟೆಗೂ ಕೈಪಿಡಿಯ ಪುಟ ತೆರೆಯುವ ತಾಳ್ಮೆ ನಿಮಗಿದೆಯೇ ಎಂದು ಕೇಳಿಕೊಳ್ಳಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಹೆಸರು ಕೊಡಗಿನಲ್ಲಿ ಎಲ್ಲರಿಗೂ ಗೊತ್ತು. 1965ರ ಭಾರತ-ಪಾಕ್ ಯುದ್ಧದಲ್ಲಿ ಅವರ ಮಿಸ್ಟೇರ್ ಯುದ್ಧವಿಮಾನವನ್ನು ಹಾರಾಟಕ್ಕೆ ಅಣಿಗೊಳಿಸಿದವರು ಯಾರೆಂದು ನಾವು ಯಾರೂ ವಿಚಾರಿಸಿದವರಲ್ಲ. ಈ ವೃತ್ತಿಯಲ್ಲಿ ಅದಕ್ಕೂ ಸಿದ್ಧರಿರಬೇಕು.
– ವಾಯುಪಡೆಯ ನಿವೃತ್ತ ತಂತ್ರಜ್ಞ, ವಿರಾಜಪೇಟೆ

ನನ್ನ ಅಣ್ಣನ ಮಗ ವಿಮಾನ ನಿರ್ವಹಣಾ ಲೈಸೆನ್ಸಿನ ಕೋರ್ಸಿಗೆ ಸೇರಿದ್ದ. ಆ ವರ್ಷದ ಕರಿಮೆಣಸು ಮಾರಿದ ಹಣವೆಲ್ಲ ಶುಲ್ಕಕ್ಕೆ ಹೋಯಿತು. ತರಗತಿಗಳು ಚೆನ್ನಾಗಿಯೇ ನಡೆದವು, ಆದರೆ ಅನುಭವಕ್ಕಾಗಿ ಹ್ಯಾಂಗರಿಗೆ ಸೇರಿಸುವ ಹೊತ್ತಿಗೆ ಸಂಸ್ಥೆ ಕೈತೊಳೆದುಕೊಂಡಿತು. ಹುಡುಗ ವರ್ಷಕ್ಕೂ ಮಿಕ್ಕಿ ತೋಟದಲ್ಲಿ ಕಾಫಿ ಕೊಯ್ಲಿನ ಲೆಕ್ಕ ಬರೆದುಕೊಂಡು ಕುಳಿತಿದ್ದ. ಹಾಗಾಗಿ ಹಣ ಕಟ್ಟುವ ಮೊದಲು, ಸಂಸ್ಥೆಗೆ ಯಾವ ವಿಭಾಗಕ್ಕೆ ಮಾನ್ಯತೆ ಇದೆಯೆಂದು ಡಿ.ಜಿ.ಸಿ.ಎ. ಜಾಲತಾಣದಲ್ಲಿಯೇ ನೋಡಿ, ಪ್ರಾಯೋಗಿಕ ತರಬೇತಿ ಯಾವ ಹ್ಯಾಂಗರಿನಲ್ಲಿ, ಎಷ್ಟು ತಿಂಗಳು ಎಂಬುದನ್ನು ಬರಹದಲ್ಲಿ ಕೇಳಿ, ಹಿಂದಿನ ತಂಡದ ಇಬ್ಬರನ್ನಾದರೂ ಕಂಡು ಮಾತನಾಡಿಸಿ. ಅಪ್ಪನ ಹಟದ ಹಿಂದೆ ಇಂಥದೇ ಭಯ ಇರಬಹುದು.
– ಬೆಳೆಗಾರರ ಮನೆಯ ಗೃಹಿಣಿ, ಸೋಮವಾರಪೇಟೆ

ಸಿಇಟಿಯನ್ನು ಹೇಗಿದ್ದರೂ ಬರೆಯಿರಿ, ಅದರಿಂದ ಕಳೆದುಕೊಳ್ಳುವುದೇನೂ ಇಲ್ಲ. ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರಿಗೆ ಲೈಸೆನ್ಸ್ ತರಬೇತಿಯ ಬಾಗಿಲೂ ತೆರೆದಿರುತ್ತದೆ, ಬಿ.ಇ. ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವೂ ಇರುತ್ತದೆ. ತಂದೆ ಮಗ ಇಬ್ಬರೂ ಒಪ್ಪದೇ ಹೋದರೆ ಡಿಪ್ಲೊಮಾದ ಈ ದಾರಿಯನ್ನೊಮ್ಮೆ ಮುಂದಿಟ್ಟು ನೋಡಬಹುದು.
– ಪಾಲಿಟೆಕ್ನಿಕ್ ಉಪನ್ಯಾಸಕ, ಕುಶಾಲನಗರ