ಸಹಾಯ ಬೇಕು: ಕಿಕ್‌ಸ್ಟಾರ್ಟ್ ತಪ್ಪು ನೆಟ್‌ವರ್ಕ್ ಕಾರ್ಡ್ ಹಿಡೀತದ

ನಮಸ್ಕಾರ್ರಿ. ಹುಬ್ಬಳ್ಳಿಯ ಒಂದು ಲ್ಯಾಬಿನ 24 ಮಷಿನ್‌ಗೆ ಪಿಎಕ್ಸ್‌ಇ (ನೆಟ್‌ವರ್ಕಿನಿಂದ ಬೂಟ್ ಮಾಡೋದು) ಮೂಲಕ ಆಲ್ಮಾಲಿನಕ್ಸ್ 9 ಹಾಕಬೇಕು; ಇನ್‌ಸ್ಟಾಲ್ ತಾನ ನಡೆಯೋಹಂಗ ಉತ್ತರ ಬರೆದಿಟ್ಟ ಫೈಲ ಈ ಕಿಕ್‌ಸ್ಟಾರ್ಟ್. ಡಿಸ್ಕಿನ ತಕರಾರಿಲ್ಲ: ಪೆನ್‌ಡ್ರೈವ್ ಚುಚ್ಚಿದ್ದರ ಎಸ್‌ಡಿಎ, ಎಸ್‌ಡಿಬಿ ಅನ್ನೋ ಡಿಸ್ಕ್ ಹೆಸರು ಅದಲುಬದಲಾಗಿ ಕ್ಲಿಯರ್‌ಪಾರ್ಟ್ (ಡಿಸ್ಕ್ ಒರೆಸೋ ಆದೇಶ) ಬ್ಯಾರೆ ಡಿಸ್ಕನ್ನ ಒರೆಸಿಬಿಡ್ತದ, ಅದಕ್ಕ ಇಗ್ನೋರ್‌ಡಿಸ್ಕ್ ಸಾಲಿನ್ಯಾಗ ಎನ್‌ವಿಎಂಇ0ಎನ್1 ಡಿಸ್ಕ್ ಒಂದನ್ನ ಬಳಸು (ಓನ್ಲಿ-ಯೂಸ್) ಅಂತ ಬರೆದದ್ದು.

ತೊಂದರೆ ನೆಟ್‌ವರ್ಕಿಂದು. ಪ್ರತಿ ಮಷಿನ್‌ಗೆ ಎರಡು ಕಾರ್ಡ್, ಎರಡಕ್ಕೂ ಕೇಬಲ್. ಕಿಕ್‌ಸ್ಟಾರ್ಟಿನ ನೆಟ್‌ವರ್ಕ್ ಸಾಲಿನ್ಯಾಗ ಡಿವೈಸ್=ಲಿಂಕ್ ಕೊಟ್ಟರ ಲಿಂಕ್ ಇದ್ದ ಮೊದಲನೇ ಕಾರ್ಡ್ ಹಿಡೀತದ; ಅದು ಡಿಎಚ್‌ಸಿಪಿ (ಐಪಿ ವಿಳಾಸ ತಾನ ಹಂಚೋ ವ್ಯವಸ್ಥೆ) ಇಲ್ಲದ ಸ್ಟೋರೇಜ್ ಕಡೆಯದಾದರ ಮುಗೀತು. ಹೆಸರು ಬರೆಯೋಣಂದ್ರ ಒಂದು ಮಷಿನ್‌ನ್ಯಾಗ ಕಾರ್ಡಿನ ಹೆಸರು ಇಎನ್‌ಒ1, ಇನ್ನೊಂದರಾಗ ಇಎನ್‌ಪಿ3ಎಸ್0. ಬಯಾಸ್ (ಹಳೇ ಬೂಟ್ ಪದ್ಧತಿ) ಮಷಿನ್‌ನ್ಯಾಗ ಡಿವೈಸ್=ಬೂಟ್‌ಇಫ್ (ಬೂಟ್ ಆದ ಕಾರ್ಡನ್ನ ಹಿಡಿ) ಸಾಕು, ಬೂಟ್‌ಲೋಡರ್ ಪಿಎಕ್ಸ್‌ಲಿನಕ್ಸ್‌ನ ಐಪಿಅಪೆಂಡ್ 2 ಸಾಲು ಆ ಕಾರ್ಡಿನ ಮ್ಯಾಕ್ ವಿಳಾಸ (ಕಾರ್ಡಿನ ಗುರುತಿನ ಸಂಖ್ಯೆ) ಕರ್ನಲ್ ಸಾಲಿಗೆ ತಾನ ಸೇರಿಸ್ತದ. ಯುಇಎಫ್‌ಐ (ಹೊಸ ಬೂಟ್ ಪದ್ಧತಿ) ಮಷಿನ್‌ನ ಬೂಟ್‌ಲೋಡರ್ ಗ್ರಬ್‌ನ್ಯಾಗ ಆ ಸೌಲಭ್ಯ ಇಲ್ಲ. ಕರ್ನಲ್ ಸಾಲಿಗೆ ಬೂಟ್‌ಇಫ್=01- ಅಂತ ಬರೆದು, ಮುಂದ ಮ್ಯಾಕ್ ವಿಳಾಸ ಇಟ್ಟಿರೋ ಗ್ರಬ್‌ನ ನೆಟ್_ಡಿಫಾಲ್ಟ್_ಮ್ಯಾಕ್ ವೇರಿಯಬಲ್ ಹಾಕಿ ನಡೆಸಿದವರು ಯಾರರ ಅದೀರೇನು? ಮ್ಯಾಕ್ ವಿಳಾಸದಾಗಿನ ಕೋಲನ್ ಹಂಗ ಬಿಡಬೇಕೋ, ಹೈಫನ್ ಮಾಡಬೇಕೋ? ನಿಮ್ಮ ಆ ಒಂದು ಸಾಲು ಹಾಕ್ರಿ.