ಅಪ್ಪ-ಅಮ್ಮನ ಜೊತೆ ಗೆಂಟ್: ಯಾವ ಚರ್ಚು, ಯಾವ ಮ್ಯೂಸಿಯಂ? ಅನುಭವ ಇದ್ದವರು ಹೇಳಿ

ಹಾಸನದ ಮಗಳು: ಮೇ ಕೊನೆಗೆ ಅಪ್ಪ-ಅಮ್ಮ ಊರಿಂದ ಬರುತ್ತಿದ್ದಾರೆ. ನಾವಿರುವುದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಶನಿವಾರ ಮಧ್ಯಾಹ್ನ ಬೆಲ್ಜಿಯಂನ ಗೆಂಟ್ ತಲುಪಿ, ಸೋಮವಾರ ಸಂಜೆ ವಾಪಸ್ ಹೊರಡುವ ಯೋಚನೆ. ಅಪ್ಪನಿಗೆ ಹಳೇ ಕಟ್ಟಡ ಕಂಡರೆ ಸಾಕು, ಕದಲುವುದಿಲ್ಲ. ಅಮ್ಮನಿಗೆ ಮಂಡಿ ನೋವು. ಇಬ್ಬರೂ ಪೂರ್ತಿ ಸಸ್ಯಾಹಾರಿಗಳು. ಸೇಂಟ್ ಬಾವೋ ಕ್ಯಾಥೆಡ್ರಲ್‌ನ ವಾನ್ ಐಕ್ ಚಿತ್ರ ನೋಡಲೇಬೇಕು. ಉಳಿದದ್ದು ಹೇಗೆ ಹೊಂದಿಸಲಿ? ಸಿಟಿ ಕಾರ್ಡ್ ಬೇಕಾ?

ಲ್ಯೂವೆನ್ ವಾಸಿ: ಕಣ್ಣು ಮುಚ್ಚಿಕೊಂಡು ಕಾರ್ಡ್ ತಗೊಳ್ಳಿ. ನಾನು ಪ್ರತಿ ಟಿಕೆಟ್ಟಿನ ದರ ಬರೆದು ಕೂಡಿಸಿ ನೋಡಿದವನು. ವಾನ್ ಐಕ್ ಚಿತ್ರ, ಗ್ರಾವೆನ್‌ಸ್ಟೇನ್ ಕೋಟೆ, ಗಂಟೆ ಗೋಪುರ, ಎಂಎಸ್‌ಕೆ ಕಲಾ ಮ್ಯೂಸಿಯಂ, ಊರಿನ ಇತಿಹಾಸದ ಸ್ಟಾಮ್ ಮ್ಯೂಸಿಯಂ, ಟ್ರ್ಯಾಮ್, ದೋಣಿ ಎಲ್ಲ ಅದರಲ್ಲೇ ಬಂತು. 48 ಗಂಟೆ ಮತ್ತು 72 ಗಂಟೆ ಅಂತ ಎರಡು ಥರ ಇದೆ. ಗಂಟೆ ಲೆಕ್ಕ ಶುರುವಾಗುವುದು ಮೊದಲ ಸಲ ಬಳಸಿದಾಗ, ಕೊಂಡಾಗ ಅಲ್ಲ. ಹಾಗಾಗಿ ನಾವು ಮೊದಲ ಸಂಜೆ ಟ್ರ್ಯಾಮಿಗೆ ಬೇರೆ ದುಡ್ಡು ಕೊಟ್ಟು, ಮಾರನೇ ದಿನ ಬೆಳಗ್ಗೆಯಿಂದ ಕಾರ್ಡ್ ಶುರು ಮಾಡಿದೆವು. ಹೆಂಡತಿ ಇದನ್ನು ಜಿಪುಣತನ ಅಂದಳು. ಆ ಉಳಿತಾಯದಲ್ಲಿ ಎಲ್ಲರಿಗೂ ವಾಫಲ್ ಬಂತು, ಅದನ್ನು ಮಾತ್ರ ಅವಳು ನೆನಪಿಟ್ಟುಕೊಂಡಿಲ್ಲ.

ಮಂಡ್ಯ ಗೌಡ: ಯಾರೋ ಹೀಗೇ ಹೇಳಿದರು ಅಂತ ನಾನೂ ನಾಲ್ಕು ಕಾರ್ಡ್ ತಗೊಂಡೆ. ನಮ್ಮ ಅತ್ತೆ ಕೋಟೆ ಬಾಗಿಲಲ್ಲೇ ಕೂತರು, ಮೆಟ್ಟಿಲು ನೋಡಿ "ನೀವು ಹೋಗಿ ಬನ್ನಿ" ಅಂದರು. ಗಂಟೆ ಗೋಪುರಕ್ಕೆ ಲಿಫ್ಟ್ ಇದೆ ಅಂತ ಎಲ್ಲರೂ ಹೇಳುತ್ತಾರೆ. ಮೊದಲ ಮಹಡಿಗೆ ಸುತ್ತು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಸಿಗೋದು ಅಂತ ಯಾರೂ ಹೇಳಲ್ಲ! ಮಾವ ಮ್ಯೂಸಿಯಂ ಒಳಗೆ ಬೆಂಚು ಹುಡುಕಿಕೊಂಡು ಓಡಾಡಿದರು. ಆ ದುಡ್ಡಿನ ಅರ್ಧವೂ ವಸೂಲಾಗಲಿಲ್ಲ. ಕ್ಯಾಥೆಡ್ರಲ್ ಒಳಗೆ ಹೋಗೋಕೆ ದುಡ್ಡಿಲ್ಲ, ಟಿಕೆಟ್ ಇರೋದು ವಾನ್ ಐಕ್ ಚಿತ್ರಕ್ಕೆ ಮಾತ್ರ. ರೂಬೆನ್ಸ್ ಬರೆದ ಸೇಂಟ್ ಬಾವೋ ಚಿತ್ರವನ್ನು ಬಿಟ್ಟಿ ನೋಡಬಹುದು. ಸೇಂಟ್ ನಿಕೋಲಸ್ ಚರ್ಚೂ ಉಚಿತ. ಸೇಂಟ್ ಮೈಕೆಲ್ ಚರ್ಚಲ್ಲಿ ವಾನ್ ಡೈಕ್ ಬರೆದ ಶಿಲುಬೆಯ ಚಿತ್ರ ಇದೆ. ಅದರ ಗೋಪುರ 134 ಮೀಟರ್ ಕಟ್ಟಬೇಕು ಅಂತ ಹೊರಟು 24 ಮೀಟರಿಗೇ ನಿಂತಿದೆ. ನಮ್ಮ ಮಾವನಿಗೆ ಇಡೀ ಊರಲ್ಲಿ ಇಷ್ಟವಾಗಿದ್ದು ಅದೊಂದೇ, ಅರ್ಧಕ್ಕೆ ನಿಂತ ಕಟ್ಟಡ.

ಲ್ಯೂವೆನ್ ವಾಸಿ: ಮಂಡಿ ನೋವಿರೋರನ್ನ ಕೋಟೆಗೆ ಕರ್ಕೊಂಡು ಹೋಗಿ ಕಾರ್ಡನ್ನು ಬೈದರೆ ಹೇಗೆ ಸ್ವಾಮಿ?

ಮಂಡ್ಯ ಗೌಡ: ಕಾರ್ಡ್ ಕೊಂಡಿದ್ದಕ್ಕೇ ಕೋಟೆಗೆ ಹೋಗಿದ್ದು ಸ್ವಾಮಿ. ಅದೇ ನಾನು ಹೇಳ್ತಿರೋದು.

ಚಿತ್ರಪ್ರೇಮಿ: ಎಲ್ಲರೂ ದುಡ್ಡಿನದೇ ಮಾತಾಡುತ್ತಿದ್ದೀರಿ, ಚಿತ್ರದ ಬಗ್ಗೆ ಒಬ್ಬರೂ ಹೇಳಲಿಲ್ಲ. ಮೇಡಂ, ಅದು ಹಲವು ಮರದ ಹಲಗೆಗಳ ಮೇಲೆ ಬರೆದು 1432ರಲ್ಲಿ ಮುಗಿಸಿದ ಕೆಲಸ, ಹ್ಯೂಬರ್ಟ್ ಮತ್ತು ಯಾನ್ ವಾನ್ ಐಕ್ ಅಣ್ಣ-ತಮ್ಮಂದಿರದು. ಅದರ ನಡುವಿನ ಹಲಗೆಗಳನ್ನು 1794ರಲ್ಲಿ ಫ್ರೆಂಚರು ಪ್ಯಾರಿಸ್ಸಿಗೆ ಹೊತ್ತೊಯ್ದರು, 1815ರಲ್ಲಿ ವಾಪಸ್ ಬಂದವು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಆಸ್ಟ್ರಿಯಾದ ಆಲ್ಟಾಸೀ ಉಪ್ಪಿನ ಗಣಿಯಲ್ಲಿ ಇಟ್ಟಿದ್ದರು. ಕೆಳಗಿನ ಎಡಗಡೆ ನ್ಯಾಯಾಧೀಶರ ಹಲಗೆ ಇದೆಯಲ್ಲ, ಅದು 1934ರ ಏಪ್ರಿಲ್‌ನಲ್ಲಿ ಕಳುವಾಯಿತು, ಇವತ್ತಿಗೂ ಸಿಕ್ಕಿಲ್ಲ. ಈಗ ಕಾಣುವುದು ನಕಲು. ನಾನಂತೂ ಆ ನಕಲಿನ ಮುಂದೆಯೇ ಜಾಸ್ತಿ ಹೊತ್ತು ನಿಂತಿದ್ದೆ. ಆಡಮ್ ಮತ್ತು ಈವ್ ಬೆತ್ತಲೆ ಇದ್ದಾರೆ ಅಂತ 19ನೇ ಶತಮಾನದಲ್ಲಿ ಮುಜುಗರಪಟ್ಟು, ತೊಗಲು ತೊಡಿಸಿದ ಬೇರೆ ಹಲಗೆ ಬರೆಸಿದರು. ಅವೂ ಅದೇ ಕ್ಯಾಥೆಡ್ರಲ್‌ನಲ್ಲಿ ಇವೆ, ಹುಡುಕಿ ನೋಡಿ.

ಮುಖ್ಯವಾದ ಮಾತು. 2012ರಿಂದ ಹಂತ ಹಂತವಾಗಿ ರಿಪೇರಿ ನಡೆದಿದೆ. ಮೂರನೇ ಹಂತ, ಅಂದರೆ ಒಳಗಿನ ಮೇಲು ಸಾಲಿನದು, 2023ರಲ್ಲಿ ಶುರುವಾಯಿತು. ಕೆಲಸ ನಡೆಯುತ್ತಿದ್ದುದು ಎಂಎಸ್‌ಕೆ ಮ್ಯೂಸಿಯಂನಲ್ಲಿ, ಗಾಜಿನಾಚೆ ನಿಂತು ನೋಡಬಹುದಿತ್ತು. ನಾನು ಹೋದಾಗ ಮೇಲಿನ ಹಲಗೆಗಳು ಅಲ್ಲೇ ಇದ್ದವು. ಯಾವ ಹಲಗೆ ಎಲ್ಲಿದೆ ಅಂತ ಕೇಳದೆ ಟಿಕೆಟ್ ತೆಗೆಯಬೇಡಿ.

ಬೆಂಗಳೂರು ಟು ಬ್ರಸೆಲ್ಸ್: ಆ ರಿಪೇರಿ ಆದಮೇಲೆ ಚಿತ್ರದ ನಡುವೆ ಇರೋ ಕುರಿಮರಿಗೆ ಮನುಷ್ಯನ ಮುಖ ಬಂದಿದೆ ಗುರು. ಮುಂಚಿನದೇ ಚೆನ್ನಾಗಿತ್ತು.

ಚಿತ್ರಪ್ರೇಮಿ: ಮುಂಚಿನದು ವಾನ್ ಐಕ್ ಬರೆದಿದ್ದೇ ಅಲ್ಲ, ಆಮೇಲೆ ಯಾರೋ ಮೇಲೆ ಬಳಿದದ್ದು. ಅದನ್ನು ತೆಗೆದಾಗ ಸಿಕ್ಕಿದ್ದೇ ಈ ಮುಖ. ಓದಿಕೊಂಡು ಬರೆಯಿರಿ.

ಬೆಂಗಳೂರು ಟು ಬ್ರಸೆಲ್ಸ್: ಇಷ್ಟ ಆಗಲಿಲ್ಲ ಅನ್ನೋಕೂ ಓದಿರಬೇಕಾ?

ಕರಾವಳಿ ಕನ್ಯೆ: ವಾನ್ ಐಕ್ ಚಿತ್ರಕ್ಕೆ ಕನ್ನಡಕದ ಟಿಕೆಟ್ ಮಾತ್ರ ಬೇಡ ಮಾರಾಯ್ರೇ. 2021ರಲ್ಲಿ ಕ್ಯಾಥೆಡ್ರಲ್ ಕೆಳಗಿನ ನೆಲಮಾಳಿಗೆಯಲ್ಲಿ ಪ್ರವಾಸಿ ಕೇಂದ್ರ ಹೊಸದಾಗಿ ಮಾಡಿದ್ದಾರೆ. ತಲೆಗೆ ಎಆರ್ ಕನ್ನಡಕ ಹಾಕಿಕೊಂಡು ಹೋದರೆ ಕಂಬಗಳ ನಡುವೆ ಚಿತ್ರದ ಕಥೆ ತೋರಿಸುತ್ತದೆ. ನನ್ನ ಅಪ್ಪನಿಗೆ ಅವರ ಸ್ವಂತ ಕನ್ನಡಕದ ಮೇಲೆ ಅದು ಕೂರಲೇ ಇಲ್ಲ. ಅಮ್ಮನ ತುರುಬಿಗೆ ಪಟ್ಟಿ ಸಿಕ್ಕಿಕೊಂಡಿತು. ಮಾತು ಇಂಗ್ಲಿಷಿನಲ್ಲಿ, ಅಮ್ಮನಿಗೆ ಅರ್ಥವಾಗಲಿಲ್ಲ. ಅಪ್ಪ ನಡುವೆಯೇ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಬೀಳಿಸಿದರೆ ಎಷ್ಟು ಕೊಡಬೇಕೋ ಅಂತ ನನಗೆ ಅದೇ ಚಿಂತೆ. ಸಾದಾ ಟಿಕೆಟ್ಟಿಗಿಂತ ತಲೆಗೆ ಮೂರು-ನಾಲ್ಕು ಯೂರೋ ಜಾಸ್ತಿ, ನಾವು ಐದು ಜನ, ಲೆಕ್ಕ ಹಾಕಿ. ಅದರ ಮೇಲೆ ಲಾಕರಿನಲ್ಲಿ ಚೀಲ ಇಟ್ಟು, ಅಮ್ಮನ ಮಾತ್ರೆ ಅದರೊಳಗೇ ಉಳಿದು, ಮತ್ತೆ ಓಡಿ.

ಲ್ಯೂವೆನ್ ವಾಸಿ: ನನ್ನ ಮಗನಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದೇ ಆ ಕನ್ನಡಕ. ಎಲ್ಲರ ಮನೆ ಒಂದೇ ಥರ ಇರಲ್ಲ.

ಕರಾವಳಿ ಕನ್ಯೆ: ಅವರು ಕೇಳಿದ್ದು ಮಗನ ಬಗ್ಗೆ ಅಲ್ಲ, ಅಪ್ಪ-ಅಮ್ಮನ ಬಗ್ಗೆ!

ಹಾಸನದ ಮಗಳು: ಎಲ್ಲರಿಗೂ ಥ್ಯಾಂಕ್ಸ್. ಸೋಮವಾರ ಏನೇನು ತೆರೆದಿರುತ್ತದೆ? ಯಾರಿಗಾದರೂ ಗೊತ್ತಾ?

ಡ್ಯುಸೆಲ್ಡಾರ್ಫ್ ಡ್ರೈವರ್: ಕಾರಲ್ಲಿ ಮಾತ್ರ ಹೋಗಬೇಡಿ. "ಊರೊಳಗೇ ಹೋಟೆಲ್, ಕೆಳಗೇ ಪಾರ್ಕಿಂಗ್" ಅಂತ ಗೆಳೆಯನೊಬ್ಬ ಹೇಳಿದ. ನನ್ನದು ಹಳೇ ಡೀಸೆಲ್. ಗೆಂಟ್ ನಡುಭಾಗದಲ್ಲಿ 2020ರಿಂದ ಹೊಗೆ ಉಗುಳುವ ಹಳೇ ಗಾಡಿಗಳನ್ನು ಬಿಡದ ನಿಯಮ ಇದೆ, ಎಲ್ಲ ಕಡೆ ಕ್ಯಾಮೆರಾ. ಮನೆಗೆ ಬಂದು ಫೋಟೋ ಎಲ್ಲ ಹಂಚಿ ಆದಮೇಲೆ ಕಾಗದ ಬಂತು, ದಂಡ 150 ಯೂರೋ. ಹೋಟೆಲಿನ ಪಾರ್ಕಿಂಗ್ ಬೇರೆ, ರಾತ್ರಿಗೆ 28. ಪೆಟ್ರೋಲ್ ಬಂಕಿನಲ್ಲಿ ಮಗಳ ಶೌಚಾಲಯಕ್ಕೆ ಕೊಟ್ಟ ಚಿಲ್ಲರೆಯೂ ನನಗೆ ನೆನಪಿದೆ. ಊರಾಚೆ ಪಿ+ಆರ್ ಜಾಗಗಳಲ್ಲಿ ಬಿಟ್ಟಿ ನಿಲ್ಲಿಸಿ ಟ್ರ್ಯಾಮ್ ಹಿಡಿಯಬಹುದಿತ್ತು. ಆ ಗೆಳೆಯ ಈಗಲೂ "ನನ್ನ ಕಾರಿಗೆ ಬರಲಿಲ್ಲವಲ್ಲ" ಅನ್ನುತ್ತಾನೆ. ಅವನದು ಎಲೆಕ್ಟ್ರಿಕ್.

ಬೆಂಗಳೂರು ಟು ಬ್ರಸೆಲ್ಸ್: ಅದಕ್ಕೇ ಹೇಳೋದು, ಗೆಂಟ್ ಬಿಟ್ಟು ಬ್ರೂಜ್‌ಗೆ ಹೋಗಿ. ರೈಲಿನಲ್ಲಿ ಅರ್ಧ ಗಂಟೆ. ಅವರ್ ಲೇಡಿ ಚರ್ಚಲ್ಲಿ ಮೈಕೆಲೇಂಜೆಲೋ ಕೆತ್ತಿದ ತಾಯಿ-ಮಗು ಇದೆ. ಅದನ್ನೂ 1794ರಲ್ಲಿ ಫ್ರೆಂಚರು ಹೊತ್ತೊಯ್ದಿದ್ದರು, 1944ರಲ್ಲಿ ಜರ್ಮನರು. ಪಕ್ಕದ ಸೇಂಟ್ ಜಾನ್ ಆಸ್ಪತ್ರೆಯಲ್ಲಿ ಮೆಮ್ಲಿಂಗ್ ಚಿತ್ರಗಳು. ನಡೆಯೋಕೂ ಹತ್ತಿರ ಹತ್ತಿರ.

ಮಂಡ್ಯ ಗೌಡ: ಅಲ್ಲಿನ ಗಂಟೆ ಗೋಪುರಕ್ಕೆ 366 ಮೆಟ್ಟಿಲು, ಲಿಫ್ಟೇ ಇಲ್ಲ. ಅದನ್ನೂ ಹೇಳಿ.

ಬೆಂಗಳೂರು ಟು ಬ್ರಸೆಲ್ಸ್: ಹತ್ತಿ ಅಂತ ನಾನು ಹೇಳಿದೆನಾ?

ಚಿತ್ರಪ್ರೇಮಿ: ಅವರು ಕೇಳಿದ್ದು ಗೆಂಟ್. ಬ್ರೂಜ್ ಬೀದಿಗಳಲ್ಲಿ ಮೇ ಕೊನೆಗೆ ಚಾಕೊಲೇಟ್ ಅಂಗಡಿ ಕ್ಯೂ ಬಿಟ್ಟರೆ ಬೇರೆ ಏನು ಕಾಣುತ್ತದೆ?

ಸಸ್ಯಾಹಾರಿ ಶಾಸ್ತ್ರಿ: ಊಟದ ಬಗ್ಗೆ ಯಾರೂ ಬರೆದಿಲ್ಲ. ಗೆಂಟ್‌ನಲ್ಲಿ 2009ರಿಂದ ಗುರುವಾರ ಸಸ್ಯಾಹಾರದ ದಿನ ಅಂತಿದೆ. ಗುರುವಾರ ಹೋಗಿ, ಆರಾಮಾಗಿ ಊಟ ಸಿಗುತ್ತದೆ. ಮತ್ತೆ ಒಂದು, ಬೆಲ್ಜಿಯಂನ ಹಳೇ ಪದ್ಧತಿಯ ಫ್ರೈಸ್ ಕರಿಯುವುದು ದನದ ಕೊಬ್ಬಿನಲ್ಲಿ. ಅಪ್ಪ-ಅಮ್ಮನಿಗೆ ಕೊಡಿಸುವ ಮುಂಚೆ ಅಂಗಡಿಯಲ್ಲಿ ಕೇಳಿ.

ಡ್ಯುಸೆಲ್ಡಾರ್ಫ್ ಡ್ರೈವರ್: ಏನು? ನಮ್ಮಮ್ಮ ಎರಡು ದೊಡ್ಡ ಪೊಟ್ಟಣ ತಿಂದಿದ್ದಾರೆ!

ಸಸ್ಯಾಹಾರಿ ಶಾಸ್ತ್ರಿ: ಎಣ್ಣೆಯಲ್ಲಿ ಕರಿಯುವವರೂ ಇದ್ದಾರೆ. ಯಾವ ಅಂಗಡಿ?

ಡ್ಯುಸೆಲ್ಡಾರ್ಫ್ ಡ್ರೈವರ್: ಅದನ್ನು ಈಗ ಕೇಳಿ ಏನು ಪ್ರಯೋಜನ. ಇದನ್ನು ಓದುವವರಲ್ಲಿ ನಮ್ಮ ನೆಂಟರೂ ಇದ್ದಾರೆ, ಸುಮ್ನಿರಿ.

ಪುತ್ತೂರಿನ ಪದ್ಮಕ್ಕ: ಆ ಹುಡುಗಿ ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ ನೋಡಿ. ಮಗಾ, ಎಂಎಸ್‌ಕೆಗೆ ಸೋಮವಾರ ರಜೆ. ಸ್ಟಾಮ್‌ಗೆ ರಜೆ ಬುಧವಾರ, ಸೋಮವಾರ ತೆರೆದಿರುತ್ತದೆ. ಭಾನುವಾರ ಬೆಳಗ್ಗೆ ಕ್ಯಾಥೆಡ್ರಲ್‌ನಲ್ಲಿ ಪ್ರಾರ್ಥನೆ, ಪ್ರವಾಸಿಗರನ್ನು ಬಿಡುವುದು ಮಧ್ಯಾಹ್ನ ಒಂದರ ಮೇಲೆ. ಆ ಚಿತ್ರಕ್ಕೆ ತಿರುಪತಿ ದರ್ಶನದ ಹಾಗೆ ಸಮಯ ಹಾಕಿ ಟಿಕೆಟ್ ಕೊಡುತ್ತಾರೆ, ಈಗಲೇ ಮಾಡಿಸು. ಭಾನುವಾರ ಬೆಳಗ್ಗೆ ಎಂಎಸ್‌ಕೆ, ಅದು ಸಿಂಟ್-ಪೀಟರ್ಸ್ ರೈಲು ನಿಲ್ದಾಣದ ಕಡೆ ಪಾರ್ಕಿನಲ್ಲಿದೆ. ಅಲ್ಲಿ ಬೋಶ್ ಬರೆದ ಸಂತ ಜೆರೋಮ್ ಚಿತ್ರ ಅಪ್ಪನಿಗೆ ತೋರಿಸು. ಮಧ್ಯಾಹ್ನ ಟ್ರ್ಯಾಮಲ್ಲಿ ಕ್ಯಾಥೆಡ್ರಲ್. ಸೋಮವಾರ ಸ್ಟಾಮ್. ಅಪ್ಪ ಬೇಕಾದರೆ ಒಬ್ಬರೇ ಕೋಟೆ ಹತ್ತಲಿ, ಅಮ್ಮ ನೀನು ನದಿ ದಡದಲ್ಲಿ ಕೂತಿರಿ.

ಲ್ಯೂವೆನ್ ವಾಸಿ: ಪದ್ಮಕ್ಕ ಹೇಳಿದ್ದನ್ನೆಲ್ಲ ಕೂಡಿಸಿ ನೋಡಿ. ಕಾರ್ಡೇ ಲಾಭ.

ಮಂಡ್ಯ ಗೌಡ: ಅಮ್ಮ ನದಿ ದಡದಲ್ಲಿ ಕೂರೋಕೂ ಕಾರ್ಡ್ ಬೇಕಾ?