912 ಎಂಜಿನ್: ಇಂಧನದ ಒತ್ತಡ 0.12 ಬಾರ್‌ಗೆ ಕುಸಿಯುತ್ತಿದೆ, ಕಾರಣ ಸಿಗುತ್ತಿಲ್ಲ

ನೀಲಿರೆಕ್ಕೆ:
ಮೂರು ವಾರಗಳಿಂದ ಇದರ ಹಿಂದೆಯೇ ಬಿದ್ದಿದ್ದೇನೆ. ನನ್ನ ಲಘು ವಿಮಾನದ ಎಂಜಿನ್ ರೋಟಾಕ್ಸ್ 912 ಯುಎಲ್‌ಎಸ್. ನೆಲದ ಮೇಲೆ 0.2 ಬಾರ್ ತೋರಿಸುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೆ 0.12ಕ್ಕೆ ಕುಸಿದು ಕೆಂಪು ದೀಪ ಹತ್ತಿಕೊಳ್ಳುತ್ತದೆ. ಎಂಜಿನ್ ಮಾತ್ರ ಒಮ್ಮೆಯೂ ತಡವರಿಸಿಲ್ಲ. ಫಿಲ್ಟರ್ ಹೊಸದು, ಪಂಪನ್ನೂ ಬದಲಿಸಿದೆ. ಇನ್ನೇನು ಬದಲಿಸಲಿ?

ಗೇರುಗಾಲಿ:
ಕನಿಷ್ಠ ಮಿತಿ 0.15. ಮೊದಲು ಹಾರಾಟ ನಿಲ್ಲಿಸಿ, ಮಿಕ್ಕಿದ್ದು ಆಮೇಲೆ. ಇದು ಸೆನ್ಸರ್‌ನದೇ ತಪ್ಪು. ಕಂಪನಕ್ಕೆ ನನ್ನವು ಎರಡು ಹೋಗಿವೆ. ಟಿ-ಜೋಡಣೆ ಹಾಕಿ ಯಾಂತ್ರಿಕ ಮಾಪಕದಲ್ಲಿ ಅಳೆಯಿರಿ.

ಬಿಸಿಗಾಳಿ:
ಸೆನ್ಸರ್ ಅಲ್ಲ, ಆವಿ. ಕಾರಿನ ಪೆಟ್ರೋಲ್ ಬಿಸಿ ಕೌಲಿಂಗ್‌ನೊಳಗೆ (ಎಂಜಿನ್ನಿನ ಹೊರಹೊದಿಕೆ) ಬೇಗ ಆವಿಯಾಗುತ್ತದೆ. ಆವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಹಾಕಿ ನೋಡಿ.

ಗೇರುಗಾಲಿ:
ಆವ್‌ಗ್ಯಾಸ್‌ನ ಸೀಸ ಗೇರ್‌ಬಾಕ್ಸ್‌ನಲ್ಲಿ ಕೆಸರಾಗಿ ಕೂರುತ್ತದೆ, ಎಣ್ಣೆಯನ್ನೂ ಬೇಗ ಬದಲಿಸಬೇಕು. ಈ ಸಲಹೆಯನ್ನು ಎಲ್ಲರಿಗೂ ಹಂಚಬೇಡಿ.

ಬಿಸಿಗಾಳಿ:
ನಾನು ವರ್ಷಗಳಿಂದ ಅದನ್ನೇ ಹಾಕುತ್ತಿದ್ದೇನೆ. ಕೊಳವೆಗಳಿಗೆಲ್ಲ ಅಗ್ನಿನಿರೋಧಕ ಕವಚ, ಕೌಲಿಂಗ್‌ನಲ್ಲಿ ಎರಡು ಗಾಳಿಕಿಂಡಿ, ಪಂಪಿಗೆ ಪ್ರತ್ಯೇಕ ತಂಪುಗಾಳಿಯ ನಳಿಕೆ. ಒಮ್ಮೆಯೂ ಒತ್ತಡ ಅಲುಗಿಲ್ಲ.

ನೀಲಿರೆಕ್ಕೆ:
ಮಾಪಕದಲ್ಲೂ 0.13. ಬೆಳಗಿನ ತಂಪಿನಲ್ಲೇ ಅಳೆದದ್ದು. ವಿದ್ಯುತ್ ಪಂಪ್ ಹಾಕಿದರೆ 0.18ಕ್ಕೆ ಏರುತ್ತದೆ.

ಗೇರುಗಾಲಿ:
ಎಷ್ಟರವರೆಗಿನ ಮಾಪಕ? 10 ಬಾರ್‌ನದಾದರೆ ಮುಳ್ಳು ಅಲ್ಲಿ ನಂಬಿಕೆಗೆ ಯೋಗ್ಯವಲ್ಲ.

ನೀಲಿರೆಕ್ಕೆ:
1 ಬಾರ್‌ನದು. ಸೆನ್ಸರನ್ನು ದಯವಿಟ್ಟು ಬಿಟ್ಟುಬಿಡಿ.

ತಗಡುಹಕ್ಕಿ:
ಎರಡು ಪಂಪ್ ಓಡಿದರೂ ಒತ್ತಡ 0.18ಕ್ಕಿಂತ ಮೇಲೇರುತ್ತಿಲ್ಲವೆಂದರೆ ಇಂಧನ ಬೇರೆಲ್ಲೋ ಹೋಗುತ್ತಿದೆ. ರಬ್ಬರ್ ಕೊಳವೆಗಳನ್ನು ಯಾವಾಗ ಬದಲಿಸಿದಿರಿ?

ನೀಲಿರೆಕ್ಕೆ:
ಐದು ವರ್ಷ ತುಂಬಿತ್ತೆಂದು ಹೋದ ತಿಂಗಳು ಎಲ್ಲವನ್ನೂ ಬದಲಿಸಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ತಗಡುಹಕ್ಕಿ:
ಇದನ್ನು ಮೊದಲ ದಿನವೇ ಹೇಳಬೇಕಿತ್ತು! ಟ್ಯಾಂಕಿಗೆ ಮರಳುವ ಕೊಳವೆಯಲ್ಲಿ 0.35 ಮಿಲಿಮೀಟರ್ ರಂಧ್ರದ ತಡೆ ಇರಬೇಕು. ಅನೇಕ ವಿಮಾನಗಳಲ್ಲಿ ಅದು ಕೊಳವೆಯೊಳಗೆ ತುರುಕಿದ ಒಂದು ಪುಟ್ಟ ಜೆಟ್ (ಸಣ್ಣ ತೂತಿನ ಲೋಹದ ತುಂಡು) ಅಷ್ಟೇ. ಹೊರಗಿನಿಂದ ಕಾಣುವುದು ಕ್ಲ್ಯಾಂಪ್ ಮಾತ್ರ. ಅದಿಲ್ಲದಿದ್ದರೆ ಪಂಪ್ ತಳ್ಳಿದ್ದರಲ್ಲಿ ಬಹುಪಾಲು ಸಲೀಸಾಗಿ ಟ್ಯಾಂಕಿಗೇ ವಾಪಸು. ಹಳೆಯ ಕೊಳವೆಗಳನ್ನು ಎಸೆದಿಲ್ಲ ತಾನೆ?

ನೀಲಿರೆಕ್ಕೆ:
ಸಿಕ್ಕಿತು. ಹಳೆಯ ಕೊಳವೆಯನ್ನು ಹಿಚುಕುತ್ತಾ ಹೋದೆ. ಒಂದು ಕಡೆ ಬೆರಳಿಗೆ ಗಟ್ಟಿಯಾಗಿ ತಗುಲಿತು. ಉದ್ದಕ್ಕೆ ಸೀಳಿದರೆ ಒಳಗೆ ಅಕ್ಕಿಕಾಳಿಗಿಂತ ತುಸು ದಪ್ಪನೆಯ ಹಿತ್ತಾಳೆಯ ಜೆಟ್, ಮೇಲೆ ಕಂದು ಅಂಟು. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. ಹೊಸ ಜೆಟ್ ಹಾಕಿ ನೆಲದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟೆ: 0.29, ಅಲುಗಾಡಲಿಲ್ಲ. ತಗಡುಹಕ್ಕಿಯವರೇ, ನಿಮಗೆ ನಾನು ಋಣಿ.

ಬಿಸಿಗಾಳಿ:
ಒಳ್ಳೆಯದಾಯಿತು. ಆದರೂ ಎಗ್ಸಾಸ್ಟ್ ಪಕ್ಕದ ಕೊಳವೆಗೆ ಕವಚ ಹಾಕಿಸಿ.

ತಗಡುಹಕ್ಕಿ:
ವಿದ್ಯುತ್ ಪಂಪನ್ನೂ ಹಾಕಿ ಇನ್ನೊಮ್ಮೆ ಅಳೆಯಿರಿ. ಮೇಲಿನ ಮಿತಿ ದಾಟಿದರೆ ಕಾರ್ಬುರೇಟರ್ ಉಕ್ಕಿ ಹರಿಯುತ್ತದೆ. ಆ ಅಂಕಿ ಬರುವವರೆಗೆ ಹಾರಬೇಡಿ.